ನಮ್ಮ ಮನೆ ಎಷ್ಟು ದೂರ?



ಎಸ್ಟೇಟ್ ಲೈನುಗಳಲ್ಲಿರುವ ನಮ್ಮ ಓದುಗರು ಬಹಳ ದಿನಗಳಿಂದ ಒಂದೇ ಪ್ರಶ್ನೆಯನ್ನು ಕೇಳುತ್ತಾ ಬಂದಿದ್ದಾರೆ. ಲೈನಿನ ಹತ್ತು ಮನೆಯವರು ಸೇರಿ ವಾರಕ್ಕೊಂದು ಪ್ರಾರ್ಥನಾ ಕೂಟ ಆರಂಭಿಸುತ್ತೇವೆ. ಎರಡು ತಿಂಗಳು ಚೆನ್ನಾಗಿ ನಡೆಯುತ್ತದೆ. ಆಮೇಲೆ ಚಾಪೆಯ ಮೇಲೆ ನಾಲ್ಕು ಜನ ಉಳಿಯುತ್ತಾರೆ. ಚಿಕ್ಕ ಕೂಟವನ್ನು ನಡೆಸುವುದು ಹೇಗೆ, ಅದಕ್ಕೆ ಯಾವ ಪುಸ್ತಕ ತರಿಸಬೇಕು ಎಂದು ಅವರು ಕೇಳುತ್ತಾರೆ. ಪುಸ್ತಕದ ಹೆಸರು ಬರೆದು ಕಳಿಸಿಬಿಟ್ಟರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ನಾವು ನಡೆಸುವ ಕೂಟವೇ ಒಮ್ಮೆ ಒಡೆದುಹೋಗುವ ಹಂತಕ್ಕೆ ಬಂದಿತ್ತು, ಅದು ಪುಸ್ತಕವಿಲ್ಲದೆ ಆದದ್ದಲ್ಲ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ. ಅದರಲ್ಲಿ ತಪ್ಪು ನಮ್ಮದೇ.

ನಾವಿರುವುದು ನ್ಯಾಲ್ಕಲ್ ಕಡೆ. ಕಾಫಿ ತೋಟ ನೋಡಿದವರಿಗೆ ಈ ಸೀಮೆಯ ಪರಿಚಯ ಇರಲಿಕ್ಕಿಲ್ಲ. 1956ರ ತನಕ ನ್ಯಾಲ್ಕಲ್ ಸರ್ಕಲ್ಲು ಬೀದರ್ ತಾಲೂಕಿನಲ್ಲಿತ್ತು. ರಾಜ್ಯಗಳನ್ನು ಹಂಚಿದಾಗ ಜಹೀರಾಬಾದ್, ನಾರಾಯಣಖೇಡಗಳ ಜೊತೆ ಇದೂ ಆಂಧ್ರದ ಮೆದಕ್ ಜಿಲ್ಲೆಗೆ ಹೋಯಿತು. ಗುಲ್ಬರ್ಗದಲ್ಲಿದ್ದ ತಾಂಡೂರು ಕೂಡ ಹೀಗೆಯೇ ಆಚೆಗೆ ಹೋಯಿತು. 2014ರಲ್ಲಿ ತೆಲಂಗಾಣ ಆಯಿತು, 2016ರಲ್ಲಿ ಜಿಲ್ಲೆಯ ಹೆಸರು ಸಂಗಾರೆಡ್ಡಿ ಎಂದಾಯಿತು. ಊರು ಮಾತ್ರ ಇದ್ದಲ್ಲೇ ಇದೆ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಬೀಗರ ಮನೆಗೆ ಹೋದರೆ ಮರಾಠಿ. ಜೋಳ, ತೊಗರಿ, ಕಡಲೆ ಬೆಳೆಯುವ ಒಣ ನೆಲ. ಮಳೆ ಕೈಕೊಟ್ಟ ವರ್ಷ ನಮ್ಮವರು ಕಬ್ಬು ಕಡಿಯಲು ಹೋಗುತ್ತಾರೆ, ಹಾಸುಗಲ್ಲಿನ ಗಣಿಗೆ ಹೋಗುತ್ತಾರೆ, ಹೈದರಾಬಾದಿಗೆ ಹೋಗುತ್ತಾರೆ. ಕೂಲಿಯವನ ಬಾಳಿಗೆ ಗಡಿ ಇಲ್ಲ. ನಿಮ್ಮ ಲೈನಿನ ಕಷ್ಟ ನಮಗೆ ಅರ್ಥವಾಗುವುದು ಇದರಿಂದಲೇ.

ನಮ್ಮ ಕೂಟಕ್ಕೆ ಬರುತ್ತಿದ್ದ ಒಬ್ಬ ವೃದ್ಧ ತಾಯಿ ಮೂರು ವಾರ ಬರಲಿಲ್ಲ. ಮೊದಲ ವಾರ ನಾವು ಗಮನಿಸಿದೆವು. ಎರಡನೆಯ ವಾರ ಅವರ ಹೆಸರೆತ್ತಿ ಪ್ರಾರ್ಥಿಸಿದೆವು. ಮೂರನೆಯ ವಾರ ಇನ್ನೂ ಉದ್ದವಾಗಿ ಪ್ರಾರ್ಥಿಸಿದೆವು. ನಾಲ್ಕನೆಯ ವಾರ ಹಿಟ್ಟಿನ ಗಿರಣಿಯ ಹತ್ತಿರ ಅವರೇ ಎದುರಾದರು. "ಯಾಕವ್ವಾ, ಬರಾಕತ್ತಿಲ್ಲಲ್ಲ? ನಿಮ್ಮ ಸಲುವಾಗಿ ಮೂರು ವಾರದಿಂದ ಪ್ರಾರ್ಥನಾ ಮಾಡಾಕತ್ತೀವಿ" ಎಂದೆವು. ಹೇಳುವಾಗ ನಮ್ಮ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು. ಅವರು ತಲೆಯ ಮೇಲಿನ ಡಬ್ಬಿ ಇಳಿಸಿ ನಮ್ಮನ್ನೇ ನೋಡಿದರು.

"ಉಪದೇಶಿಗಳೇ, ಪ್ರಾರ್ಥನಾ ಮಾಡೀರಿ, ಛಲೋ ಆತು. ನಮ್ಮ ಮನಿ ಎಷ್ಟು ದೂರ ಅದ ರೀ?"

ಅವರ ಮನೆ ನಮ್ಮ ಮನೆಯಿಂದ ನಾಲ್ಕನೆಯ ಓಣಿ.

ಆ ಸಂಜೆಯೇ ಹೋದೆವು. ಬಾಗಿಲಲ್ಲಿ ಕೂರಿಸಿ ನೀರು ಕೊಟ್ಟರು, ಆಮೇಲೆ ಕಾರಣ ಹೇಳಿದರು. ಅವರ ಮಗ ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ತೆಗೆದುಕೊಂಡಿದ್ದ. ಮುಂಗಡ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬ ಲೆಕ್ಕ ಮುಕಾದಮನ ಬಾಯಲ್ಲಿ ಮಾತ್ರ ಇತ್ತು. ಈ ಸಲ ಹೋಗುವ ಮುಂಚೆ ಅದನ್ನು ಕಾಗದದ ಮೇಲೆ ಬರೆದು ಕೊಡಬೇಕೆಂದು ಕೇಳುತ್ತೇನೆ ಎಂದು ಮಗ ನಿಶ್ಚಯಿಸಿದ್ದ. ತಾಯಿಗೆ ಹೆದರಿಕೆ. ಕೂಟದಲ್ಲಿ ಕಣ್ಣೀರು ಹಾಕಿ ಅದನ್ನು ಹೇಳಿಕೊಂಡಿದ್ದರು, ನಾವೆಲ್ಲ ಆಮೆನ್ ಎಂದಿದ್ದೆವು. ಆ ಭಾನುವಾರ ಇನ್ನೊಂದು ಊರಿನ ದೊಡ್ಡ ಕೂಟದಲ್ಲಿ ನಾವು, ಈ ಬರೆಯುತ್ತಿರುವ ನಾವೇ, "ನಮ್ಮಲ್ಲಿ ಒಬ್ಬ ಯೌವನಸ್ಥನು ಧೈರ್ಯವಾಗಿ ಲೆಕ್ಕ ಕೇಳಲು ಹೊರಟಿದ್ದಾನೆ, ಅವನಿಗಾಗಿ ಪ್ರಾರ್ಥಿಸಿರಿ" ಎಂದು ಹೆಸರು ಹೇಳಿಯೇ ಬೇಡಿಕೊಂಡೆವು. ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದು. ಬುಧವಾರದೊಳಗೆ ಮಾತು ಮುಕಾದಮನ ಕಿವಿಗೆ ಬಿತ್ತು. ಗ್ಯಾಂಗಿನ ಟ್ರ್ಯಾಕ್ಟರು ಹೊರಟಾಗ ಹುಡುಗನಿಗೆ ಜಾಗವಿರಲಿಲ್ಲ. ಮುಂಗಡ ಮಾತ್ರ ಕೂಡಲೇ ಹಿಂದಕ್ಕೆ ಕೊಡು ಎಂದು ಮನೆಗೆ ಜನ ಬಂದರು.

ತಾಯಿ ನಮ್ಮನ್ನು ಬೈಯಲಿಲ್ಲ. ಕೂಟಕ್ಕೆ ಬರುವುದನ್ನು ನಿಲ್ಲಿಸಿದ್ದರು, ಅಷ್ಟೆ. ಎಸ್ಟೇಟಿನ ಬಂಧುಗಳೇ, ನಿಮ್ಮ ಲೈನಿನ ಚಾಪೆಯ ಮೇಲೆ ನಾಲ್ಕು ಜನ ಉಳಿದಿದ್ದರೆ, ಉಳಿದವರು ಭಕ್ತಿ ಕಡಮೆಯಾಗಿ ಹೋದರೆಂದು ತೀರ್ಪು ಕೊಡುವ ಮೊದಲು ಅವರ ಬಾಗಿಲಿಗೆ ಹೋಗಿ ಕೇಳಿರಿ.

ಚಿಕ್ಕ ಕೂಟ ಎಂಬುದು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಬೀದರ್, ವಿಕಾರಾಬಾದ್ ಸೀಮೆಗೆ ಸುವಾರ್ತೆ ತಂದವರಲ್ಲಿ ಮೆಥೊಡಿಸ್ಟ್ ಮಿಷನಿನವರು ಮುಖ್ಯರು. ಅವರ ಮೂಲಪುರುಷರಾದ ಜಾನ್ ವೆಸ್ಲಿಯವರ ಕಾಲದಲ್ಲಿ ಇದು ಹುಟ್ಟಿದ ಬಗೆ ಕೇಳತಕ್ಕದ್ದು. ವೆಸ್ಲಿಯವರು 1739ರಲ್ಲಿ ಬ್ರಿಸ್ಟಲ್ ಪಟ್ಟಣದ ಹತ್ತಿರ ಬಯಲಿನಲ್ಲಿ ನಿಂತು ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬೋಧಿಸಿದರು. ಅಲ್ಲಿ ಕಟ್ಟಿಸಿದ ಪ್ರಾರ್ಥನಾಲಯದ ಸಾಲ ಉಳಿದುಬಿಟ್ಟಿತ್ತು. 1742ರ ಫೆಬ್ರುವರಿ 15ರಂದು ಅದನ್ನು ತೀರಿಸುವ ಬಗ್ಗೆ ಮಾತನಾಡಲು ಸೇರಿದಾಗ ಒಬ್ಬರು, ಸಾಲ ತೀರುವ ತನಕ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು. ಬಡವರು ಬಹಳ ಇದ್ದಾರೆ, ಅವರಿಂದ ಆಗದು ಎಂದು ಇನ್ನೊಬ್ಬರು ಎದುರು ಹೇಳಿದರು. ಆಗ ಕ್ಯಾಪ್ಟನ್ ಫಾಯ್ ಎಂಬವರು ಹೇಳಿದ ಮಾತಿನ ತಾತ್ಪರ್ಯ ಇದು: ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿರಿ; ವಾರವಾರ ಅವರ ಮನೆಗೆ ಹೋಗುತ್ತೇನೆ; ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರದನ್ನೂ ನಾನೇ ಸೇರಿಸುತ್ತೇನೆ; ನೀವೂ ಒಬ್ಬೊಬ್ಬರು ಹನ್ನೊಂದು ನೆರೆಯವರನ್ನು ಹೀಗೆಯೇ ವಹಿಸಿಕೊಳ್ಳಿರಿ.

ಹಾಗೆ ಪೆನ್ನಿಗಾಗಿ ಮನೆ ಮನೆ ತಿರುಗಿದವರಿಗೆ ಬೇರೆ ಸಂಗತಿಗಳು ಕಂಡವು. ಒಂದು ಮನೆಯಲ್ಲಿ ಕುಡಿತ, ಒಂದು ಮನೆಯಲ್ಲಿ ಜಗಳ, ಒಂದು ಕಡೆ ಕಾಯಿಲೆ. ಮನೆ ಮನೆ ತಿರುಗುವುದು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ಹನ್ನೆರಡು ಜನ ಒಂದೇ ಕಡೆ ವಾರಕ್ಕೊಮ್ಮೆ ಕೂಡುವ ರೂಢಿ ಬಂತು. ಅದನ್ನೇ 'ಕ್ಲಾಸ್' ಎಂದರು, ನಡೆಸುವವನು 'ಕ್ಲಾಸ್ ಲೀಡರ್' ಆದ. ನಾವು ಇದರಿಂದ ಕಲಿತದ್ದು ಇಷ್ಟು: ಮೊದಲು ಮನೆ, ಆಮೇಲೆ ಚಾಪೆ. ನಾವು ಚಾಪೆಯಿಂದ ಆರಂಭಿಸಿದೆವು. ಎಲ್ಲರೂ ನಮ್ಮ ಬಳಿಗೆ ಬರಲಿ ಎಂದು ಕಾದೆವು.

ಮನೆಗೆ ಹೋಗುವುದು ಎಂದರೆ ತಪಾಸಣೆಗೆ ಹೋಗುವುದಲ್ಲ. ಲೈನಿನಲ್ಲಿ ರೈಟರು ಬಂದು ಯಾರು ಕೆಲಸಕ್ಕೆ ಬಂದಿಲ್ಲ ಎಂದು ನೋಡುತ್ತಾರೆ. ಅದೇ ಮುಖ ಹೊತ್ತು ಕೂಟದವನೂ ಹೋದರೆ ಜನ ಬಾಗಿಲು ಮುಂದೆ ಮಾಡುತ್ತಾರೆ. ಕೈಯಲ್ಲಿ ಸತ್ಯವೇದ ಹಿಡಿದೇ ಹೋಗಬೇಕೆಂದೂ ಇಲ್ಲ. ಸೌದೆ ಒಡೆಯುತ್ತಿದ್ದರೆ ಎರಡು ಏಟು ಹಾಕಿರಿ. ಮಗುವಿಗೆ ಜ್ವರ ಇದ್ದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಆ ದಿನದ ಕೂಲಿ ಹೋದರೆ ಒಲೆ ಹೇಗೆ ಉರಿಯುತ್ತದೆ ಎಂದು ಕೇಳಿರಿ. ಕೇಳಿದ ಮೇಲೆ ಏನಾದರೂ ಮಾಡಬೇಕಾಗುತ್ತದೆ. ನಮ್ಮಲ್ಲಿ ಅನೇಕರು ಕೇಳದೆ ಇರುವುದು ಆ ಭಯದಿಂದಲೇ ಇರಬೇಕು.

ಇನ್ನು ಮಾತು ಹೊರಗೆ ಹೋಗುವ ವಿಷಯ. ಇದನ್ನು ನಾವು ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಶ್ರೀಮಂತರ ಕೂಟದಲ್ಲಿ ಮಾತು ಹೊರಬಿದ್ದರೆ ಮಾನ ಹೋಗುತ್ತದೆ, ಕೂಲಿಗಳ ಕೂಟದಲ್ಲಿ ಹೊರಬಿದ್ದರೆ ಕೆಲಸ ಹೋಗುತ್ತದೆ. ಎಸ್ಟೇಟಿನಲ್ಲಿ ಇನ್ನೂ ಹೆಚ್ಚು. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತದೆ, ಲೈನ್ ಮನೆ ತೋಟದವರದು. ಯಾರು ಮೇಸ್ತ್ರಿಯ ಮೇಲೆ ದೂರು ಕೊಡಬೇಕೆಂದಿದ್ದಾರೆ, ಯಾರ ಮಗಳ ಮದುವೆ ಮಾತು ಮುರಿಯಿತು, ಯಾರಿಗೆ ಯಾವ ಕಾಯಿಲೆ, ಯಾರ ಸರ್ಟಿಫಿಕೇಟಿನಲ್ಲಿ ಯಾವ ಹೆಸರು ಬರೆದಿದೆ, ಇವೆಲ್ಲ ಪ್ರಾರ್ಥನೆಯ ವಿಷಯ ಎಂಬ ಹೆಸರಿನಲ್ಲಿ ಹೊರಬೀಳುತ್ತವೆ. ಚಾಡಿ ಹೇಳುವವನಿಗೆ ಒಂದಿಷ್ಟಾದರೂ ನಾಚಿಕೆ ಇರುತ್ತದೆ. ಪ್ರಾರ್ಥನೆ ಮಾಡಿರಿ ಎಂದು ಹೇಳಿ ಚಾಡಿ ಹಬ್ಬಿಸುವವನಿಗೆ ಅದೂ ಇರುವುದಿಲ್ಲ. ನಮಗಿರಲಿಲ್ಲ.

ಯೂನಿಯನ್ ಕೆಲಸ ಮಾಡುವವರು ಟಾಲ್‌ಪಡಲ್ ಹುತಾತ್ಮರ ಹೆಸರು ಕೇಳಿರಬಹುದು. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಒಂದು ಹಳ್ಳಿ ಟಾಲ್‌ಪಡಲ್. ಅಲ್ಲಿ ಹೊಲದ ಆಳುಗಳ ವಾರದ ಕೂಲಿಯನ್ನು ಒಂಬತ್ತು ಶಿಲ್ಲಿಂಗಿನಿಂದ ಎಂಟಕ್ಕೆ, ಎಂಟರಿಂದ ಏಳಕ್ಕೆ ಇಳಿಸಿ, ಇನ್ನು ಆರಕ್ಕೆ ಇಳಿಸುತ್ತೇವೆ ಎಂದರು. ಜಾರ್ಜ್ ಲವ್‌ಲೆಸ್ ಎಂಬ ಕೂಲಿಯವನು ಮೆಥೊಡಿಸ್ಟ್ ಸಭೆಯಲ್ಲಿ ಬೋಧನೆಯನ್ನೂ ಮಾಡುತ್ತಿದ್ದ. ಅವನ ಮುಂದಾಳುತನದಲ್ಲಿ ಕೂಲಿಗಳು ಒಬ್ಬರ ಗುಡಿಸಲಿನಲ್ಲಿ ಸೇರಿ ಸಂಘ ಕಟ್ಟಿದರು. 1834ರಲ್ಲಿ ಆರು ಜನರನ್ನು ಹಿಡಿದು, ಗುಪ್ತವಾಗಿ ಪ್ರಮಾಣ ಮಾಡಿಸಿದರೆಂಬ ಅಪರಾಧ ಹೊರಿಸಿ, ಏಳು ವರ್ಷ ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಿದರು. ಆರರಲ್ಲಿ ಐವರು ಮೆಥೊಡಿಸ್ಟರು. ನ್ಯಾಯಾಲಯದಲ್ಲಿ ಅವರ ವಿರುದ್ಧ ಸಾಕ್ಷಿ ಹೇಳಿದವರು ಅದೇ ಗುಡಿಸಲಿನಲ್ಲಿ ಕೂತು ಎದ್ದವರು. ದೇಶದ ಕೂಲಿಗಾರರು ಬೀದಿಗಿಳಿದು ಕೂಗಿದ್ದರಿಂದ 1836ರಲ್ಲಿ ಕ್ಷಮಾದಾನ ಸಿಕ್ಕಿತು. ಕ್ರೈಸ್ತ ಕೂಟ ಬೇರೆ, ಕೂಲಿ ಸಂಘ ಬೇರೆ, ಎರಡನ್ನೂ ಬೆರೆಸಬೇಡಿರಿ ಎಂದು ನಮಗೆ ಆಗಾಗ ಬುದ್ಧಿ ಹೇಳುವ ಹಿರಿಯರಿದ್ದಾರೆ. ಅವರ ಮೇಲೆ ಗೌರವವಿಟ್ಟೇ ಹೇಳುತ್ತೇವೆ: ಕೂಲಿ ತಡೆಹಿಡಿದರೆ ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಅಪೊಸ್ತಲನಾದ ಯಾಕೋಬನು ತನ್ನ ಪತ್ರದ ಐದನೆಯ ಅಧ್ಯಾಯದಲ್ಲಿ ಬರೆದಿರುವಾಗ, ಅದು ನಮ್ಮ ಕೂಟದ ಕಿವಿಗೆ ಮುಟ್ಟಬಾರದೇ?

ಹಾಗೆಂದು ಕೂಟವನ್ನು ಬರೀ ಬೇಡಿಕೆಯ ಪಟ್ಟಿ ಬರೆಯುವ ಸಭೆ ಮಾಡಿದರೂ ಕೆಡುತ್ತದೆ. ಅದನ್ನೂ ನಾವು ಮಾಡಿ ನೋಡಿದ್ದೇವೆ. ಒಂದು ವರ್ಷ ಎಲ್ಲ ವಾರವೂ ಕೂಲಿ ದರ, ಹಾಜರಿ, ಬಾಕಿ; ಒಬ್ಬ ತಂಗಿಯ ಕೂಸು ತೀರಿಹೋದ ವಾರವೂ ಅದೇ. ಅವಳು ಅಳುತ್ತಾ ಎದ್ದು ಹೋದಳು. ನಾವು ಅಂದು ಹಾಡನ್ನೂ ಹಾಡಿರಲಿಲ್ಲ.

ಆ ಮಗ ಕೆಲಸ ಕಳಕೊಂಡ ಮೇಲೆ ನಮ್ಮ ಕೂಟದಲ್ಲಿ ಒಂದು ಕಟ್ಟು ಮಾಡಿಕೊಂಡೆವು. ಚಾಪೆಯ ಮೇಲೆ ಹೇಳಿದ್ದನ್ನು, ಹೇಳಿದವರೇ ಒಪ್ಪಿಗೆ ಕೊಡದೆ, ಉಪದೇಶಿಯೂ ಪಾದ್ರಿಗಳ ಮುಂದೆ ಹೇಳಕೂಡದು, ಗಂಡ ಹೆಂಡತಿಯ ಮುಂದೆ ಹೇಳಕೂಡದು. ಪ್ರತಿ ವಾರ ಆರಂಭದಲ್ಲಿ ಒಬ್ಬರು ಇದನ್ನು ಬಾಯಿಬಿಟ್ಟು ಹೇಳುತ್ತಾರೆ. ಹೊಸಬರಿಗೆ ಸ್ವಲ್ಪ ವಿಚಿತ್ರ ಎನಿಸುತ್ತದೆ. ಇರಲಿ. ಇದಕ್ಕೆ ಒಂದೇ ಹೊರತು: ಮಗುವಿಗೋ ಹೆಂಗಸಿಗೋ ಹೊಡೆತ ಬಡಿತ, ಕೆಟ್ಟ ನಡತೆ ಆಗುತ್ತಿದೆ ಎಂದು ತಿಳಿದರೆ ಅದನ್ನು ಮುಚ್ಚಿಡುವುದು ಗುಟ್ಟು ಕಾಯುವುದಲ್ಲ, ತಪ್ಪಿನಲ್ಲಿ ಪಾಲು ತೆಗೆದುಕೊಳ್ಳುವುದು. ಅಂಥಲ್ಲಿ ಸಹಾಯ ಮಾಡತಕ್ಕವರಿಗೆ ತಿಳಿಸಲೇಬೇಕು, ಅದನ್ನೂ ಮೊದಲೇ ಹೇಳಿಡಬೇಕು.

ಮಾತಾಡುವವರು ಯಾರು ಎಂಬುದು ಮುಂದಿನ ತೊಡಕು. ಒಮ್ಮೆ ಕೂಟದ ಒಬ್ಬ ಹುಡುಗನ ಕೈಗೆ ಗಡಿಯಾರ ಕೊಟ್ಟು, ಯಾರು ಎಷ್ಟು ಹೊತ್ತು ಮಾತಾಡುತ್ತಾರೆ ಬರೆದುಕೋ ತಮ್ಮಾ ಎಂದೆವು. ಒಂದು ಗಂಟೆಯ ಕೂಟದಲ್ಲಿ ಉಪದೇಶಿ 41 ನಿಮಿಷ, ಇಬ್ಬರು ಗಂಡಸರು ಸೇರಿ 10 ನಿಮಿಷ, ಒಂಬತ್ತು ಹೆಂಗಸರು ಸೇರಿ 3 ನಿಮಿಷ. ಉಳಿದದ್ದು ಹಾಡು. ಹುಡುಗ ಚೀಟಿಯನ್ನು ಗಟ್ಟಿಯಾಗಿ ಓದಿದಾಗ ಎಲ್ಲರೂ ನಕ್ಕರು, ನಾವೂ ನಕ್ಕೆವು, ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಹೆಂಗಸರು ಮಾತಾಡುವುದಿಲ್ಲ, ಅವರಿಗೆ ಓದು ಬಾರದು ಎನ್ನುವವರು ನಮ್ಮ ಜಹೀರಾಬಾದಿನ ಹೊಲದ ಹೆಂಗಸರನ್ನು ನೋಡಬೇಕು. ಪಸ್ತಾಪುರದಲ್ಲಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಆರಂಭವಾಯಿತು. ಅದನ್ನು ಮುನ್ನಡೆಸಿದ ಪಿ. ವಿ. ಸತೀಶ್ ಅವರು ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿದ್ದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಅದು ಕ್ರೈಸ್ತ ಸಂಸ್ಥೆಯಲ್ಲ. ಆದರೂ ಊರೂರಲ್ಲಿ ಅವರು ಕಟ್ಟಿದ ಹೆಂಗಸರ ಸಂಘಗಳಿಂದ ನಾವು ಕಲಿಯಬೇಕಾದದ್ದಿದೆ. ಸಂಘದವರಲ್ಲಿ ಹೆಚ್ಚಿನವರು ದಲಿತ ಹೆಂಗಸರು, ಅನೇಕರಿಗೆ ಅಕ್ಷರ ಬಾರದು. ಹಗಲು ಕೂಲಿ ಮುಗಿಸಿ, ರೊಟ್ಟಿ ಬಡಿದಿಟ್ಟು, ರಾತ್ರಿ ಸೇರುತ್ತಿದ್ದರು. ಬೀಳು ಬಿದ್ದ ತಮ್ಮ ತುಂಡು ಹೊಲಗಳನ್ನು ಹಸನು ಮಾಡಿ ಜೋಳ, ನವಣೆ, ಸಜ್ಜೆ, ತೊಗರಿ ಬೆಳೆದರು. ಬೀಜ ಕಟ್ಟಿಟ್ಟರು, ಒಯ್ದವರು ಬೆಳೆ ಬಂದಾಗ ಹೆಚ್ಚು ಸೇರಿಸಿ ಹಿಂದಕ್ಕೆ ಹಾಕುವ ಕ್ರಮ. 1990ರ ದಶಕದಲ್ಲಿ ತಮ್ಮ ಊರಿನಲ್ಲಿಯೇ ಜೋಳ ಕೂಡಿಟ್ಟು, ಯಾರ ಮನೆಯಲ್ಲಿ ಬಡತನ ಎಷ್ಟಿದೆ ಎಂದು ಊರವರೇ ಕೂತು ಗುರುತಿಸಿ, ಬಡವರಿಗೆ ಕಡಮೆ ದರದಲ್ಲಿ ಕೊಟ್ಟರು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಅವರದೇ ರೇಡಿಯೋ ಆರಂಭವಾಯಿತು. ಅದನ್ನು ನಡೆಸಿದವರು ನರ್ಸಮ್ಮ ಎಂಬ ಒಂದೇ ಹೆಸರಿನ ಇಬ್ಬರು ಯುವತಿಯರು. 2019ರಲ್ಲಿ ವಿಶ್ವಸಂಸ್ಥೆಯವರ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಬಂತು.

ಇಷ್ಟೆಲ್ಲ ಮಾಡಿದ ಹೆಂಗಸರ ನೆರೆಯಲ್ಲೇ ನಮ್ಮ ಕೂಟದ ಹೆಂಗಸರಿಗೆ 3 ನಿಮಿಷ. ಅವರು ಚಹಾ ಮಾಡಲು ಒಳಗೆ ಎದ್ದು ಹೋಗುತ್ತಿದ್ದುದನ್ನು ಆ ಹುಡುಗ ಬರೆದುಕೊಂಡಿರಲಿಲ್ಲ.

ನಮ್ಮಲ್ಲಿ ಈಗ ಮಾಡಿರುವ ಕ್ರಮ ಇದು. ಸತ್ಯವೇದದ ಭಾಗವನ್ನು ಓದು ಬಲ್ಲ ಮಕ್ಕಳಲ್ಲಿ ಒಬ್ಬರು ಎರಡು ಸಲ ನಿಧಾನವಾಗಿ ಓದುತ್ತಾರೆ, ಒಮ್ಮೆ ಕನ್ನಡದಲ್ಲಿ, ಬೇಕಾದರೆ ಒಮ್ಮೆ ತೆಲುಗಿನಲ್ಲಿ. ಆಮೇಲೆ ಓದು ಬಾರದವರೊಬ್ಬರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ತಪ್ಪಿದರೆ ಬೇರೆಯವರು ಸೇರಿಸುತ್ತಾರೆ. ಉಪದೇಶಿ ಕೊನೆಗೆ ಹತ್ತು ನಿಮಿಷ. ಚಹಾ ಮಾಡುವ ಸರದಿ ಗಂಡಸರಿಗೂ ಇದೆ. ಮೊದಮೊದಲು ಮಾಡಿದ ಚಹಾ ಕುಡಿಯುವಂತಿರಲಿಲ್ಲ, ಕ್ರಮೇಣ ಸುಧಾರಿಸಿತು. ಚಹಾ ಕೊಡುವಾಗ ಲೋಟ ಎಲ್ಲರಿಗೂ ಒಂದೇ ತರಹದ್ದು. ಈ ಮಾತನ್ನು ಸಭೆಯ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಯಾರಾದರೂ ಕೇಳಿದರೆ, ಬರೆಯಬೇಕಾಗಿದೆ ಎಂದೇ ನಮ್ಮ ಉತ್ತರ.

ನಮ್ಮ ನಡುವೆ ಜಗಳವಿಲ್ಲ, ಆದಕಾರಣ ಕೂಟ ಚೆನ್ನಾಗಿದೆ ಎಂದು ಕೆಲವರು ಬರೆಯುತ್ತಾರೆ. ಜಗಳ ಆಡುವಷ್ಟು ಧೈರ್ಯ ಯಾರಿಗೂ ಬಂದಿಲ್ಲದಿರಬಹುದು. ಆದಿ ಸಭೆಯಲ್ಲೇ ಜಗಳವಾಯಿತು, ಅದೂ ಊಟದ ಹಂಚಿಕೆಗೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿರಿ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲವೆಂದು ಗೊಣಗಾಟ ಎದ್ದಿತು. ಅಪೊಸ್ತಲರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ, ಪ್ರಾರ್ಥನೆ ಮಾಡಿ ಮರೆತುಬಿಡಿರಿ ಎನ್ನಲಿಲ್ಲ. ಸಭೆಯವರನ್ನೆಲ್ಲಾ ಕರೆದು ಏಳು ಜನರನ್ನು ಆರಿಸಿಕೊಳ್ಳಿರಿ ಎಂದರು. ಆರಿಸಲ್ಪಟ್ಟ ಸ್ತೆಫನ, ಫಿಲಿಪ್ಪ ಮೊದಲಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಯಾರಿಗೆ ಪಾಲು ತಪ್ಪುತ್ತಿತ್ತೋ ಅವರ ಕೈಗೇ ಸೌಟು ಕೊಟ್ಟರೆಂದು ನಾವು ತಿಳಿಯುತ್ತೇವೆ. ಈಗ ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಅಸ್ಸಾಮಿನಿಂದ ಕೂಲಿಗಳು ಬರುತ್ತಿದ್ದಾರೆ. ನಮ್ಮ ಉತ್ತರದ ಜಿಲ್ಲೆಗಳಿಂದಲೂ ಕಾಯಿ ಕೊಯ್ಲಿಗೆ ಹೋಗುತ್ತಾರೆ. ಅವರ ಮಾತು ನಿಮಗೆ ಬಾರದು, ನಿಮ್ಮ ಹಾಡು ಅವರಿಗೆ ತಿಳಿಯದು. ಅವರನ್ನು ಮೂಲೆಯಲ್ಲಿ ಕೂರಿಸಿ ಅತಿಥಿಗಳೆಂದು ಚಪ್ಪಾಳೆ ತಟ್ಟುವುದಕ್ಕಿಂತ, ಒಂದು ವಾರ ಅವರ ಭಾಷೆಯಲ್ಲಿಯೇ ಪ್ರಾರ್ಥನೆ ಮಾಡಲು ಬಿಡಿರಿ. ನಿಮಗೆ ಅರ್ಥವಾಗದಿದ್ದರೆ ನಷ್ಟವೇನೂ ಇಲ್ಲ.

ಹಣದ ಡಬ್ಬಿ ಇಟ್ಟಿರುವ ಕೂಟಗಳಿಗೆ ಎರಡೇ ಮಾತು. ಲೆಕ್ಕವನ್ನು ಪ್ರತಿ ವಾರ, ಪ್ರಾರ್ಥನೆಗೆ ಮುಂಚೆ, ಗಟ್ಟಿಯಾಗಿ ಓದಬೇಕು. ಡಬ್ಬಿ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ, ಪುಸ್ತಕ ಮೂರನೆಯವರಲ್ಲಿ. ಮೂವರಲ್ಲಿ ಉಪದೇಶಿ ಇರಬಾರದು. ನಂಬಿಕೆ ಇಲ್ಲವೇ ಎಂದು ಕೇಳುವವರ ಕೈಗಂತೂ ಡಬ್ಬಿ ಕೊಡಲೇಬೇಡಿರಿ.

ಹತ್ತು ಮನೆಯ ಕೂಟದಿಂದ ಏನಾಗುತ್ತದೆ ಎನ್ನುವವರಿಗೆ ನಮ್ಮ ಸೀಮೆಯದೇ ಒಂದು ಸಂಗತಿ ಹೇಳುತ್ತೇವೆ. ನ್ಯಾಲ್ಕಲ್, ಝರಾಸಂಗಂ ಮಂಡಲಗಳ 17 ಊರುಗಳಲ್ಲಿ ಕೈಗಾರಿಕಾ ವಲಯಕ್ಕೆಂದು ಸುಮಾರು 12,600 ಎಕರೆ ಗುರುತಿಸಿದರು. 2013ರ ಭೂಸ್ವಾಧೀನ ಕಾನೂನಿನಲ್ಲಿ ಹೊಲ ಇದ್ದವನು ಮಾತ್ರವಲ್ಲ, ಮೂರು ವರ್ಷದಿಂದ ಆ ನೆಲದಲ್ಲಿ ದುಡಿದು ಅದರಿಂದಲೇ ಜೀವನ ಮಾಡುವ ಕೂಲಿಯವನ ಮತ್ತು ಗೇಣಿಯವನ ಕುಟುಂಬವೂ ಬಾಧಿತ ಕುಟುಂಬವೇ. ಆದರೆ 2015ರಲ್ಲಿ ತೆಲಂಗಾಣ ಸರಕಾರವು 123ನೆಯ ಸಂಖ್ಯೆಯ ಆದೇಶ ಹೊರಡಿಸಿ, ಒಡೆಯರಿಂದ ಹೊಲವನ್ನು ನೇರವಾಗಿ ಕೊಂಡುಕೊಳ್ಳಲು ಆರಂಭಿಸಿತು. ಒಡೆಯನಿಗೆ ಹಣ ಬಂತು. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ನಾಳೆಯಿಂದ ಕೆಲಸವಿಲ್ಲ ಎಂಬ ಮಾತು ಮಾತ್ರ ಬಂತು. ಈ ವಲಯದ ಊರುಗಳ ಕೂಲಿಗಳೇ ಹೈಕೋರ್ಟಿಗೆ ಹೋದರು. 2016ರ ಆಗಸ್ಟಿನಲ್ಲಿ ಹೈದರಾಬಾದಿನ ಏಕಸದಸ್ಯ ಪೀಠ ಆ ಆದೇಶವನ್ನು ರದ್ದು ಮಾಡಿತು. ಸರಕಾರ ಮೇಲ್ಮನವಿ ಮಾಡಿತು, ವ್ಯಾಜ್ಯ ಮುಂದೆಯೂ ನಡೆಯಿತು. ಆ ವಿವರ ಇಲ್ಲಿ ಬೇಡ. ಒಂದು ಗುಂಟೆ ಹೊಲವಿಲ್ಲದವರು, ತಮ್ಮ ನೆಲವೇ ಅಲ್ಲದ ನೆಲಕ್ಕಾಗಿ ಕೋರ್ಟಿನಲ್ಲಿ ನಿಂತರು. ಕೋರ್ಟಿಗೆ ಹೋಗುವ ಮೊದಲು ಅವರು ಎಲ್ಲೋ ಒಂದು ಅಂಗಳದಲ್ಲಿ ಕೂತು, ಯಾರ ಹೆಸರಿನಲ್ಲಿ ಅರ್ಜಿ ಹಾಕುವುದು, ಹೆಸರು ಕೊಟ್ಟವರಿಗೆ ನಾಳೆ ಕೆಲಸ ಸಿಗದಿದ್ದರೆ ಯಾರು ಜೋಳ ಕೊಡುವುದು ಎಂದು ಮಾತಾಡಿಕೊಂಡಿರಲೇಬೇಕು. ಅಂಥ ಮಾತು ದೊಡ್ಡ ಸಭೆಯಲ್ಲಿ ಆಗುವುದಿಲ್ಲ, ಮೈಕಿನ ಮುಂದೆ ಆಗುವುದಿಲ್ಲ. ಒಬ್ಬರ ಬಾಯಿ ಒಬ್ಬರು ನಂಬುವ ಕಡೆ ಮಾತ್ರ ಆಗುತ್ತದೆ. ನಮ್ಮ ಕೂಟದಲ್ಲಿ ಆ ತಾಯಿ ಹಾಗೆ ನಂಬಿ ಹೇಳಿಕೊಂಡಿದ್ದರು.

ಕೆಲವು ಚಿಲ್ಲರೆ ಸಂಗತಿಗಳು. ಬಟವಾಡೆಯ ಸಂಜೆ ಕೂಟ ಇಡಬೇಡಿರಿ. ಅಂದು ಅಂಗಡಿ ಬಾಕಿ, ಸಂತೆ, ಸಾರಾಯಿ, ಎಲ್ಲವೂ ಇರುತ್ತದೆ. ಕುಡಿದು ಬಂದವನನ್ನು ಹೊರಗೆ ಹಾಕಬೇಡಿರಿ, ಅವನ ಕೈಗೆ ಹಾಡಿನ ಪುಸ್ತಕವನ್ನೂ ಕೊಡಬೇಡಿರಿ. ಪಕ್ಕದಲ್ಲಿ ಒಬ್ಬರು ಕೂತುಕೊಳ್ಳಲಿ, ಮರುದಿನ ಬೆಳಿಗ್ಗೆ ಅವನ ಮನೆಗೆ ಹೋಗಲಿ. ಒಂದು ಗಂಟೆಗೆ ಮುಗಿಸಿರಿ, ಬೆಳಗಿನ ಹಾಜರಿ ಎಲ್ಲರಿಗೂ ಇದೆ. ಹದಿನೈದು ಜನರಾದರೆ ಎರಡು ಕೂಟ ಮಾಡಿರಿ. ಬೇರೆಯಾಗುವಾಗ ಅಳು ಬರುತ್ತದೆ, ಬರಲಿ. ಮೋಶೆಯೂ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ಕೇಳುತ್ತಿದ್ದ. ಮಾವನಾದ ಇತ್ರೋನನು ಬಂದು, ಇದರಿಂದ ನೀನೂ ಬಳಲುತ್ತೀ ಜನವೂ ಬಳಲುತ್ತದೆ, ಹತ್ತು ಹತ್ತು ಜನರಿಗೆ ಒಬ್ಬೊಬ್ಬನನ್ನು ನೇಮಿಸು ಎಂದು ಬುದ್ಧಿ ಹೇಳಿದ ಮೇಲೆ ಬಿಟ್ಟ. ನಮಗೆ ಅಂಥ ಮಾವ ಇರಲಿಲ್ಲ. ಹಿಟ್ಟಿನ ಗಿರಣಿಯ ಹತ್ತಿರ ಸಿಕ್ಕಿದ ಆ ತಾಯಿ ಇದ್ದರು. ಈಗ ಇಬ್ಬರು ಹೊಸಬರು, ಒಬ್ಬ ತಮ್ಮ ಮತ್ತು ಒಬ್ಬ ತಂಗಿ, ತಿಂಗಳಿಗೆ ಎರಡು ವಾರ ಕೂಟ ನಡೆಸುತ್ತಾರೆ. ಆ ವಾರಗಳಲ್ಲಿ ನಾವು ಬಾಗಿಲ ಹತ್ತಿರ ಕೂತು ಯಾರು ಬಂದಿಲ್ಲ ಎಂದು ಎಣಿಸುತ್ತೇವೆ, ಮರುದಿನ ಅವರ ಮನೆಗೆ ಹೋಗುತ್ತೇವೆ.

ಆ ತಾಯಿ ಎರಡು ತಿಂಗಳ ತನಕ ಬರಲಿಲ್ಲ. ನಾವು ವಾರವಾರ ಹೋಗುತ್ತಿದ್ದೆವು, ಕೂಟಕ್ಕೆ ಬಾ ಎಂದು ಒಮ್ಮೆಯೂ ಕೇಳಲಿಲ್ಲ. ಮುಂಗಡದ ಬಾಕಿಯಲ್ಲಿ ಒಂದು ಪಾಲನ್ನು ಕೂಟದ ಡಬ್ಬಿಯಿಂದ ಕೊಟ್ಟೆವು, ಒಂದು ಪಾಲನ್ನು ನಾವೇ ಹಾಕಿದೆವು. ಅದು ದಾನವಲ್ಲ, ತಪ್ಪಿಗೆ ದಂಡ ಎಂದು ಹೇಳಿಯೇ ಕೊಟ್ಟದ್ದು. ಉಳಿದದ್ದನ್ನು ಎಷ್ಟು ಎಂದು ಮುಕಾದಮನಿಂದ ಕಾಗದದ ಮೇಲೆ ಬರೆಸಿಕೊಳ್ಳಲು ಕೂಟದ ಏಳು ಜನ ಒಟ್ಟಿಗೆ ಹೋದರು. ಒಬ್ಬನೇ ಕೇಳಿದಾಗ ಇಲ್ಲವೆಂದವನು ಏಳು ಜನರಿಗೆ ಬರೆದುಕೊಟ್ಟ. ಒಂದು ದಿನ ತಾಯಿಯೇ, "ಈ ವಾರ ನಮ್ಮ ಮನಿಯಾಗ ಕೂಡ್ರಿ, ಚಾಪಿ ಸಣ್ಣದದ" ಎಂದರು.

ಮಗ ಜಹೀರಾಬಾದಿನಲ್ಲಿ ಲಾರಿಗೆ ಮಾಲು ತುಂಬುವ ಕೆಲಸದಲ್ಲಿದ್ದ. ಆ ವಾರ ಊರಿಗೆ ಬಂದಿದ್ದ. ಕೂಟ ನಡೆಯುವಾಗ ಒಳಗೆ ಬರಲಿಲ್ಲ, ಹೊರಗೆ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದ. ನಾವು ಕರೆಯಲಿಲ್ಲ. ಚಹಾದ ಸರದಿ ಅಂದು ನಮ್ಮದಾಗಿತ್ತು. ಒಂದು ಲೋಟ ಅವನ ಪಕ್ಕದಲ್ಲಿಟ್ಟು ಬಂದೆವು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಲೋಟ ಖಾಲಿ ಇತ್ತು, ಅವನು ಇನ್ನೂ ಅಲ್ಲೇ ಕೂತಿದ್ದ.